ಮೂಟೆಗೆ 20,000 ಕವಡೆ

1340ರ ದಶಕದ ಆರಂಭದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟದ್ದು ಕರಾವಳಿಯ ಚರಿತ್ರೆ ಓದಿದವರಿಗೆ ಗೊತ್ತು. ಆಮೇಲೆ ಅವನು ಮಾಲ್ಡೀವ್ಸಿಗೆ ಹೋಗಿ ಅಲ್ಲಿ ಖಾಜಿಯಾದ. ದ್ವೀಪದ ಜನ ಕಡಲಿನಿಂದ ಕವಡೆ ಹೆಕ್ಕುತ್ತಿದ್ದರು. ದಂಡೆಯ ಗುಂಡಿಗಳಲ್ಲಿ ಹೂತಿಟ್ಟು, ಒಳಗಿನ ಮಾಂಸವೆಲ್ಲ ಕರಗಿ ಬಿಳಿ ಚಿಪ್ಪಷ್ಟೇ ಉಳಿದ ಮೇಲೆ ಅದನ್ನೇ ಹಣವಾಗಿ ಚಲಾಯಿಸುತ್ತಿದ್ದರು. ಬಂಗಾಳದಿಂದ ಬಂದ ಅಕ್ಕಿಗೂ ಕವಡೆಯನ್ನೇ ಕೊಡುತ್ತಿದ್ದರು. ಒಂದು ಚಿನ್ನದ ದಿನಾರಿಗೆ 4,00,000 ಕವಡೆ, ಕೆಲವೊಮ್ಮೆ ಇನ್ನೂ ಹೆಚ್ಚು ಎಂದು ಅವನು ಲೆಕ್ಕ ಕೊಡುತ್ತಾನೆ. ಸುಮಾರು ಹತ್ತು ವರ್ಷದ ಮೇಲೆ, 1353ರಲ್ಲಿ, ಅದೇ ಮನುಷ್ಯ ಸಹಾರಾ ದಾಟಿ ನೈಜರ್ ನದಿಯ ದಂಡೆಯ ಗಾವೋ ಪಟ್ಟಣದಲ್ಲಿದ್ದ. ಅಲ್ಲಿನ ಪೇಟೆಯಲ್ಲೂ ಕವಡೆಯೇ ಹಣ. ಆದರೆ ಅಲ್ಲಿ ದಿನಾರಿಗೆ 1,150 ಮಾತ್ರ.

ಎರಡು ಅಂಕಿಗಳ ನಡುವೆ ಸುಮಾರು 350 ಪಟ್ಟು ಅಂತರ. ಹಡಗು, ಈಜಿಪ್ಟಿನ ದಲ್ಲಾಳಿ, ಒಂಟೆಗಳ ಸಾಲು, ಮರುಭೂಮಿಯ ದಾರಿಸುಂಕ ಎಲ್ಲವೂ ಆ ಅಂತರದೊಳಗೇ ಇವೆ. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ನೌಕರಿ ಮುಗಿಸಿದವಳು. ಆಫ್ರಿಕಾದ ಚರಿತ್ರೆ ಓದಲು ಹಿಡಿದದ್ದು ನಿವೃತ್ತಿಯಾದ ಮೇಲೆ. ರಾಜರ ಪಟ್ಟಾಭಿಷೇಕ, ಯುದ್ಧಗಳ ಪುಟಗಳನ್ನು ಬೇಗ ಬೇಗ ಮಗುಚುತ್ತೇನೆ. ಹಣದ ಮಾತು ಬಂದ ಕಡೆ ನಿಲ್ಲುತ್ತೇನೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು, ಕೊನೆಗೆ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ನೋಡಿದರೆ ಉಳಿದ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಯುರೋಪಿನ ಎಷ್ಟೋ ಪ್ರವಾಸಿಗರು ಕವಡೆಯನ್ನು ಅರಿಯದ ಜನರ ಆಟಿಕೆ ಎನ್ನುವಂತೆ ಬರೆದಿದ್ದಾರೆ. ಹಣ ಎಣಿಸಿದ ಯಾರೂ ಹಾಗೆ ಹೇಳಲಾರರು. ಅದು ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಅದನ್ನು ಯಾರೂ ನಕಲು ಮಾಡಲಾರರು. ಚೌಕಾಬಾರಾ ಆಡಿದ ಕೈಗೆಲ್ಲ ಅದರ ನುಣುಪು, ಹೊಟ್ಟೆಯ ಮೇಲಿನ ಹಲ್ಲಿನಂಥ ಸೀಳು ಗೊತ್ತು. ಕತ್ತಲಲ್ಲೂ ಬೆರಳಿಗೆ ಗುರುತು ಸಿಗುತ್ತದೆ. ಪಶ್ಚಿಮ ಆಫ್ರಿಕಾದ ಕಡಲಲ್ಲಿ ಈ ಜಾತಿಯ ಕವಡೆ ಹುಟ್ಟುವುದಿಲ್ಲವಾದ್ದರಿಂದ ಯಾರೂ ಬುಟ್ಟಿ ಹಿಡಿದು ಹೋಗಿ ಬೆಳಗಾಗುವುದರೊಳಗೆ ಸಾಹುಕಾರರಾಗುವಂತಿರಲಿಲ್ಲ. ಅಲ್ಲಿನ ದಹೋಮಿ ರಾಜ್ಯದಲ್ಲಿ 40 ಕವಡೆಗೆ ಒಂದು ಸರ, 50 ಸರಕ್ಕೆ ಒಂದು ತಲೆ, ಅಂದರೆ 2,000. ಹತ್ತು ತಲೆ ಸೇರಿದರೆ 20,000ದ ಒಂದು ಮೂಟೆ. ತೂಕ ಸುಮಾರು 23 ಕಿಲೋ, ಒಬ್ಬ ಹೊರುವಷ್ಟು. ಪೋಣಿಸಿದ ಕೂಲಿಯೆಂದು ಸರದಲ್ಲಿ ಕೆಲವು ಕವಡೆ ಕಡಿಮೆ ಇರುತ್ತಿದ್ದುದೂ ಉಂಟು. ಅದು ಎಲ್ಲರಿಗೂ ಗೊತ್ತಿದ್ದ ವ್ಯವಹಾರ.

ಪೋಣಿಸದೆ ರಾಶಿ ಸುರಿಯುವ ಕಡೆ ಎಣಿಕೆಯ ಕ್ರಮವೇ ಬೇರೆ. ಯೊರುಬಾ ನಾಡಿನಲ್ಲಿ ಎಣಿಸುವವರು ರಾಶಿಯ ಮುಂದೆ ಕೂತು ಒಂದು ಸಲಕ್ಕೆ ಐದು ಕವಡೆ ಸೆಳೆಯುತ್ತಿದ್ದರು. ನಾಲ್ಕು ಸಲ ಸೆಳೆದರೆ 20. ಅಂಥ ಐದು ಗುಡ್ಡೆಗೆ 100, ಎರಡು ನೂರು ಕೂಡಿದರೆ 200. ಚಿಲ್ಲರೆ ಎಣಿಸುವ ಯಂತ್ರ ಬರುವ ಮೊದಲು ನಾವೂ ನಾಣ್ಯಗಳನ್ನು ಐದೈದಾಗಿಯೇ ಮೇಜಿನ ಅಂಚಿಗೆ ಎಳೆದುಕೊಳ್ಳುತ್ತಿದ್ದೆವು. ಸಂಜೆಯ ಹೊತ್ತಿಗೆ ಮಣಿಕಟ್ಟು ಸೇದುತ್ತಿತ್ತು. 1851ರಲ್ಲಿ ಕಾನೊ ನಗರದಲ್ಲಿದ್ದ ಜರ್ಮನ್ ಪ್ರವಾಸಿ ಹೈನ್ರಿಕ್ ಬಾರ್ತ್, ಒಂದು ಬೆಳ್ಳಿ ಡಾಲರಿಗೆ 2,500 ಕವಡೆ ಎಂದು ಬರೆದಿದ್ದಾನೆ. ಹೌಸಾ ವ್ಯಾಪಾರಿಗಳು ಲಕ್ಷಗಟ್ಟಲೆ ಕವಡೆಯನ್ನು ಐದೈದಾಗಿ ಎಣಿಸುವುದನ್ನು ಕಂಡು ಅವನು ಬೆರಗಾದ. ಆ ಬೆರಗಿನಲ್ಲಿ ಗೌರವವೂ ಇದೆ ಅನ್ನಿಸುತ್ತದೆ ನನಗೆ.

ಇಂಥ ಗಟ್ಟಿ ಹಣಕ್ಕೆ ಒಂದೇ ಒಂದು ದೊಡ್ಡ ಅಪಾಯವಿತ್ತು. ಅದರ ಗಣಿ ಹಿಂದೂ ಮಹಾಸಾಗರದಲ್ಲಿತ್ತು, ಗಣಿಗೆ ಹೋಗುವ ಹಡಗು ಪರರ ಕೈಯಲ್ಲಿತ್ತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಸಮುದ್ರದ ದಾರಿಯಲ್ಲೇ ಕವಡೆ ತಂದು ಗಿನಿ ಕರಾವಳಿಗೆ ಇಳಿಸತೊಡಗಿದರು. ಆಮೇಲೆ ಬಂದ ಡಚ್ಚರು, ಇಂಗ್ಲಿಷರು ಇದನ್ನು ಅಚ್ಚುಕಟ್ಟಾದ ದಂಧೆ ಮಾಡಿಕೊಂಡರು. ಸಿಲೋನಿನಲ್ಲಿ, ಬಂಗಾಳದಲ್ಲಿ ಕೊಂಡ ಕವಡೆ ಹಡಗಿನ ತಳಭಾರವಾಗಿ ಆಮ್‌ಸ್ಟರ್‌ಡ್ಯಾಮಿಗೂ ಲಂಡನ್ನಿಗೂ ಹೋಗುತ್ತಿತ್ತು, ಅಲ್ಲಿ ಹರಾಜಾಗಿ ಮತ್ತೆ ಆಫ್ರಿಕಾದ ಹಡಗು ಹತ್ತುತ್ತಿತ್ತು. 18ನೇ ಶತಮಾನವೊಂದರಲ್ಲೇ ಹೀಗೆ ಪಶ್ಚಿಮ ಆಫ್ರಿಕಾಕ್ಕೆ ಬಂದಿಳಿದದ್ದು 1,000 ಕೋಟಿಗೂ ಮೀರಿದ ಕವಡೆ. ಬದಲಿಗೆ ಹಡಗು ಹತ್ತಿದ್ದು ಮನುಷ್ಯರು. ದಹೋಮಿಯ ದೊರೆ ಅಗಾಜಾ 1727ರಲ್ಲಿ ಗೆದ್ದುಕೊಂಡ ವೀದಾ ಬಂದರಿನಲ್ಲಿ ಒಬ್ಬ ಹೆಂಗಸಿಗೆ, ಒಬ್ಬ ಹುಡುಗನಿಗೆ ಕೊಟ್ಟ ಬೆಲೆಯ ದೊಡ್ಡ ಪಾಲು ಈ ಮೂಟೆಗಳಲ್ಲೇ ಸಲ್ಲುತ್ತಿತ್ತು. ಅಲ್ಲಿನ ದೊರೆಗಳೂ ವರ್ತಕರೂ ಇದರಲ್ಲಿ ಪಾಲುದಾರರು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಆ ಕರಾವಳಿಯಲ್ಲಿ ಒಂದು ಕಥೆಯುಂಟು. ಗುಲಾಮರ ಹೆಣವನ್ನು ಕಡಲಿಗೆ ಎಸೆಯುತ್ತಿದ್ದರಂತೆ, ಅದನ್ನು ತಿನ್ನಲು ಕವಡೆ ಮುತ್ತುತ್ತಿತ್ತಂತೆ, ಆಮೇಲೆ ಹೆಣವನ್ನು ಮೇಲೆಳೆದು ಕವಡೆ ಬಿಡಿಸಿಕೊಳ್ಳುತ್ತಿದ್ದರಂತೆ. ಮಾಲ್ಡೀವ್ಸನ್ನು ಕಾಣದ ಜನ ಕಟ್ಟಿದ ಕಥೆ ಇದು. ಈ ವ್ಯಾಪಾರದ ಬಗ್ಗೆ ನಾನು ಓದಿದ ಯಾವ ಲೆಕ್ಕಪತ್ರವೂ ಇದಕ್ಕಿಂತ ಸತ್ಯವಾಗಿಲ್ಲ.

ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಕವಡೆಗೆ ಒಂದಷ್ಟು ಕಾಲ ಗಿರಾಕಿ ಇರಲಿಲ್ಲ. ಅಷ್ಟರಲ್ಲಿ ಯುರೋಪಿಗೆ ಸಾಬೂನಿಗೆ, ಮೋಂಬತ್ತಿಗೆ, ಯಂತ್ರದ ಗಾಲಿಗೆ ತಾಳೆಯೆಣ್ಣೆ ಬೇಕಾಯಿತು. ಅದನ್ನು ಪಶ್ಚಿಮ ಆಫ್ರಿಕಾದಲ್ಲಿ ಕೊಳ್ಳಲು ಮತ್ತೆ ಕವಡೆಯೇ ಬೇಕು. 1845ರ ಸುಮಾರಿಗೆ ಹ್ಯಾಂಬರ್ಗಿನ ವರ್ತಕರು ಜಂಜಿಬಾರ್ ಕಡೆಯ ಅಗ್ಗದ, ದೊಡ್ಡ ಜಾತಿಯ ಕವಡೆಯನ್ನು ಹಡಗುಗಟ್ಟಲೆ ತಂದು ಸುರಿದರು. ಬೆಲೆ ಕುಸಿಯಿತು. ಸಂತೆಗೆ ಹೋಗುವ ಹೆಂಗಸು ಹಿಂದಿಗಿಂತ ಹೆಚ್ಚು ಮೂಟೆ ಹೊರಬೇಕು, ಪ್ರತಿ ಮೂಟೆಯೂ ಹಿಂದಿಗಿಂತ ಭಾರ. ಎಣ್ಣೆ ಮಾತ್ರ ಸರಾಗವಾಗಿ ಹಡಗು ಹತ್ತಿತು.

ವಸಾಹತು ಸರ್ಕಾರಗಳು ಬಂದು ಕೂತ ಮೇಲೆ ಈ ಹಣವನ್ನೇ ಕೊಂದುಹಾಕಿದವು. 20ನೇ ಶತಮಾನದ ಮೊದಲ ದಶಕದಲ್ಲಿ ಕವಡೆಯ ಆಮದು ನಿಂತಿತು, ತೆರಿಗೆಗೂ ಕವಡೆ ಬೇಡವೆಂದಾಯಿತು. ತೆರಿಗೆಗೆ ನಾಣ್ಯವೇ ಬೇಕು. ನಾಣ್ಯ ಬೇಕೆಂದರೆ ಕಂಪನಿಗೆ ಶೇಂಗಾ, ಹತ್ತಿ, ಕೋಕೋ ಮಾರಬೇಕು, ಇಲ್ಲವೇ ಕೂಲಿಗೆ ಹೋಗಬೇಕು. ಹಾಗಾಗಲೆಂದೇ ಆ ನಿಯಮ. ಉಗಾಂಡದಲ್ಲಿ ಕವಡೆಯ ಜಾಗಕ್ಕೆ ಬಂದದ್ದು ಭಾರತದ ಬೆಳ್ಳಿ ರೂಪಾಯಿ. ಬ್ರಿಟಿಷ್ ಪಶ್ಚಿಮ ಆಫ್ರಿಕಾಕ್ಕೆ 1907ರಲ್ಲಿ ಪೆನ್ನಿಯ ಹತ್ತನೇ ಒಂದು ಭಾಗದ ಅಲ್ಯೂಮಿನಿಯಂ ನಾಣ್ಯ ಟಂಕಿಸಿದರು. ದಾರದಲ್ಲಿ ಪೋಣಿಸುವ ಜನರಿಗೆಂದು ನಡುವೆ ತೂತು. ಅಲ್ಲಿನ ಸೆಕೆಗೆ ಆ ಅಲ್ಯೂಮಿನಿಯಂ ತಾಳಲಿಲ್ಲ, ಮರುವರ್ಷವೇ ಲೋಹ ಬದಲಿಸಬೇಕಾಯಿತು. ಕವಡೆ ಮಾತ್ರ ಮನೆಯ ಮೂಲೆಯ ಮಡಕೆಗಳಲ್ಲಿ ಹೊಳಪಾಗಿಯೇ ಉಳಿಯಿತು.

ನನಗೆ ಸಿಟ್ಟು ಬರುವುದು ಇಲ್ಲಿ. 2016ರ ನವೆಂಬರಿನಲ್ಲಿ ರದ್ದಾದ 500, 1,000ದ ನೋಟು ಹಿಡಿದು ಕೌಂಟರಿನ ಮುಂದೆ ನಿಂತ ಮುದುಕಿಯರ ಮುಖ ನೋಡಿದವಳು ನಾನು. ಅವರಿಗಾದರೂ ಒಂದು ಕೌಂಟರಿತ್ತು, ಒಂದಷ್ಟು ದಿನದ ಗಡುವಿತ್ತು. ಪಶ್ಚಿಮ ಆಫ್ರಿಕಾದ ಹಳ್ಳಿಗರ ಕವಡೆ ತೆಗೆದುಕೊಂಡು ನಾಣ್ಯ ಕೊಡುವ ಸರ್ಕಾರಿ ಕೌಂಟರಿರಲಿಲ್ಲ. ಮಗಳ ಮದುವೆಗೆ, ತಮ್ಮ ಮಣ್ಣಿಗೆ ಎಂದು ನೆಲದಲ್ಲಿ ಹೂತಿಟ್ಟದ್ದೆಲ್ಲ ಹೋಯಿತು. ಅವರಿಗೆ ಆ ಹಣವನ್ನು ಮಾರಿದವರ ದೇಶಗಳೇ ಅದನ್ನು ರದ್ದು ಮಾಡಿದ್ದು. ಆದರೆ ಅದಕ್ಕೆ ಪ್ರತಿಯಾಗಿ ಕೊಂಡೊಯ್ದ ಎಣ್ಣೆಯನ್ನಾಗಲಿ, ಜನರನ್ನಾಗಲಿ ಯಾರೂ ಹಿಂತಿರುಗಿಸಲಿಲ್ಲ.

1957ರಲ್ಲಿ ಸ್ವತಂತ್ರವಾದ ಘಾನಾ, 1965ರಲ್ಲಿ ಪೌಂಡನ್ನು ಬಿಟ್ಟು ತನ್ನದೇ ಹಣ ತಂದಾಗ ಅದಕ್ಕೆ ಇಟ್ಟ ಹೆಸರು ಸೆಡಿ, ಅಂದರೆ ಕವಡೆ. ಮುಂದೆ ಒಂದು ಸೆಡಿಯ ನಾಣ್ಯದ ಮೇಲೆ ಕವಡೆಯ ಚಿತ್ರವೂ ಬಂತು. ಹಣದುಬ್ಬರ ಆ ನಾಣ್ಯವನ್ನೂ ತಿಂದುಹಾಕಿತು: 2007ರಲ್ಲಿ ಹಳೆಯ 10,000 ಸೆಡಿಗೆ ಹೊಸದು ಒಂದು. ಘಾನಾದ ವಾಯವ್ಯಕ್ಕೆ, ಬುರ್ಕಿನಾ ಫಾಸೊದ ಗಡಿಯ ಸುತ್ತ, ಲೋಬಿ ಮತ್ತು ದಗಾರ ಜನ ಸರ್ಕಾರಗಳ ಮಾತಿಗೆ ಕಾಯಲೇ ಇಲ್ಲ. ಫ್ರೆಂಚರು ಬೇಡವೆಂದ ಮೇಲೂ ಅವರು ಕವಡೆ ಚಲಾಯಿಸಿದರು. ಹೆಣ್ಣು ತರಲು ಗಂಡಿನ ಮನೆಯವರು ಕೊಡುವ ತೆರದಲ್ಲಿ, ಸಾವಿನ ಮನೆಯಲ್ಲಿ ಇವತ್ತಿಗೂ ಅಲ್ಲಿ ಕವಡೆ ಎಣಿಸುತ್ತಾರೆ.