ನಲ್ಲಿಯಿಂದ ಲೋಕಸಭೆಗೆ

ಮುಂಬಯಿಯ ಅಂಧೇರಿಯ ಚಾಳಿನಲ್ಲಿ ಬೆಳೆದ ನಾನು ಮೃಣಾಲ್ ಗೋರೆಯವರ ಹೆಸರು ಕೇಳಿದ್ದು ನೀರಿನ ಸರದಿಯಲ್ಲಿ ನಿಂತ ಹೆಂಗಸರ ಬಾಯಲ್ಲಿ.

1860ರಲ್ಲೇ ವಿಹಾರ್ ಕೆರೆಯ ನೀರು ಕೊಳವೆಗಳಲ್ಲಿ ದಕ್ಷಿಣದ ನಗರಕ್ಕೆ ಹರಿದಿತ್ತು. ಕೆರೆಯ ಹತ್ತಿರವೇ ಇದ್ದ ಉಪನಗರಗಳು ಮಾತ್ರ ಬಹುಕಾಲ ಕಾದವು. 1950ರಲ್ಲಿ ಪಾಲಿಕೆಯ ಗಡಿ ಅಂಧೇರಿಯವರೆಗೆ ಬಂತು. ನಮ್ಮ ಉತ್ತರಕ್ಕಿರುವ ಗೋರೆಗಾಂವ್ ಅದರೊಳಗೆ ಸೇರಿದ್ದು 1957ರಲ್ಲಿ. ಸೇರಿದ ಮಾತ್ರಕ್ಕೆ ನಲ್ಲಿಗೆ ನೀರು ಬರಲಿಲ್ಲ.

1961ರಲ್ಲಿ ಗೋರೆಗಾಂವ್‌ನಿಂದ ಪಾಲಿಕೆಗೆ ಆಯ್ಕೆಯಾದ ಮೃಣಾಲ್‌ತಾಯಿ ನೀರಿಗಾಗಿ ಹೆಂಗಸರನ್ನು ಸಂಘಟಿಸಿದರು. ಜನ ಅವರನ್ನು ‘ಪಾನಿವಾಲಿ ಬಾಯಿ’, ಅಂದರೆ ನೀರಿನ ಹೆಂಗಸು, ಎಂದು ಕರೆದರು. 1972ರಲ್ಲಿ ವಿಧಾನಸಭೆಯ ವಿರೋಧ ಪಕ್ಷದ ಸಾಲಿಗೆ ಬಂದರು. ಅದೇ ಕಾಲದಲ್ಲಿ ಅಹಿಲ್ಯಾ ರಾಂಗಣೇಕರ್ ಮೊದಲಾದವರೊಡನೆ ಬೆಲೆಯೇರಿಕೆಯ ವಿರುದ್ಧ ಲಟ್ಟಣಿಗೆ ಹಿಡಿದು ಬೀದಿಗಿಳಿದರು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು. 1977ರಲ್ಲಿ ಮುಂಬಯಿ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಹೋದಾಗ ಅವರ ಜನತಾ ಪಕ್ಷವೇ ಆಡಳಿತದಲ್ಲಿತ್ತು. 1985ರಲ್ಲಿ ಮತ್ತೆ ವಿಧಾನಸಭೆಯ ವಿರೋಧ ಪಕ್ಷದಲ್ಲಿ ಕುಳಿತು, ಭ್ರೂಣಲಿಂಗ ಪತ್ತೆಯ ವಿರುದ್ಧ ದನಿಯೆತ್ತಿದರು. 1988ರಲ್ಲಿ ರಾಜ್ಯ ಅದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು.

ನೆಲ-ಜಲದ ಪ್ರಶ್ನೆಯನ್ನು ಚುನಾವಣೆಗೆ ಒಯ್ದವರು ಅವರೊಬ್ಬರೇ ಅಲ್ಲ. ನಮ್ಮ ಕನ್ನಡದ ಸಾಹಿತಿ ಶಿವರಾಮ ಕಾರಂತರೂ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೋತರೂ ಮಲೆನಾಡಿನ ಕಾಡಿನ ಪ್ರಶ್ನೆ ಚುನಾವಣೆಯ ಮಾತಾಯಿತು. ಮೃಣಾಲ್‌ತಾಯಿ ಗೆದ್ದದ್ದು ದಶಕಗಟ್ಟಲೆ ವಾರ್ಡಿನ ಕೆಲಸ ಮಾಡಿದ್ದರಿಂದ. ಪರಿಸರದ ರಾಜಕೀಯ ಅಡುಗೆಮನೆಯ ಕೊಡದಿಂದಲೇ ಆರಂಭವಾಗಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಅಂಧೇರಿಯ ಮರೋಳದ ಬದಿಯಲ್ಲಿ ಮೀಠಿ ನದಿ ಇಂದಿಗೂ ಕೊಳೆ ಹೊತ್ತು ಹರಿಯುತ್ತಿದೆ. ಮತ ಕೇಳಲು ಬರುವ ಪ್ರತಿಯೊಬ್ಬರಿಗೂ ಅಂಧೇರಿಯವರು ಮೊದಲು ಅದರ ಲೆಕ್ಕ ಕೇಳಬೇಕು.