ಹಿಮವಿಲ್ಲದ ಮಲಪ್ರಭೆಗೆ ಹಿಮದ ಖಾತೆ

ಜಲಾನಯನದ ನೀರಿನ ಲೆಕ್ಕಕ್ಕೆ ನಮ್ಮಲ್ಲಿ ಬಹಳವಾಗಿ ಬಳಸುವ ‘ಸ್ವಾಟ್’ ಮಾದರಿ ಅಮೆರಿಕದ ಕೃಷಿ ಇಲಾಖೆಯಲ್ಲಿ ರೂಪುಗೊಂಡದ್ದು. ಅದರಲ್ಲಿ ಹಿಮಕ್ಕೂ ಒಂದು ಖಾತೆ ಇದೆ. ದಿನದ ಸರಾಸರಿ ತಾಪಮಾನ 1 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ, ಬಿದ್ದದ್ದನ್ನು ಹಿಮವೆಂದು ಜಮಾ ಮಾಡಿಕೊಂಡು, ಬೆಚ್ಚಗಾದಾಗ ಕರಗಿಸಿ ಹೊಳೆಗೆ ಬಿಡುತ್ತದೆ. ಕರಗುವಿಕೆಯ ಮೂಲ ಸೂತ್ರ ಸರಳ: ಕರಗಲು ಬೇಕಾದ ತಾಪಮಾನಕ್ಕಿಂತ ಗಾಳಿ 6 ಡಿಗ್ರಿ ಬೆಚ್ಚಗಿದ್ದು, ಡಿಗ್ರಿಗೆ 4 ಮಿ.ಮೀ. ಕರಗುವುದಾದರೆ ಆ ದಿನ 24 ಮಿ.ಮೀ. ನೀರು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಈ ಖಾತೆ ಎಂದೂ ತೆರೆಯುವುದಿಲ್ಲ. ಜನವರಿಯ ಬೆಳಗಾವಿ ಚಳಿಯಲ್ಲೂ ದಿನದ ಸರಾಸರಿ ತಾಪಮಾನ 15 ಡಿಗ್ರಿಗಿಂತ ಮೇಲೇ ಇರುತ್ತದೆ. ಆದರೂ ಕ್ಯಾಲಿಬ್ರೇಷನ್ ಪಟ್ಟಿಯಲ್ಲಿ ಹಿಮದ ನಿಯತಾಂಕಗಳನ್ನು ಉಳಿಸಿಕೊಂಡರೆ ತಂತ್ರಾಂಶ ಅವಕ್ಕೂ ‘ಅತ್ಯುತ್ತಮ’ ಬೆಲೆ ಬರೆದುಕೊಡುತ್ತದೆ. ವಾಡಿಕೆಯ ಮಿತಿಯೊಳಗೆ ಆ ಬೆಲೆ ಎಷ್ಟಿದ್ದರೂ ಹರಿವು ಹನಿಯಷ್ಟೂ ಬದಲಾಗದು. ಅರ್ಥವಿಲ್ಲದ ಆ ಅಂಕಿ ಪ್ರಬಂಧದ ಕೋಷ್ಟಕಕ್ಕೆ ಬರಲೇಬಾರದು. ಮಚ್ಛೆಯ ಜ್ಞಾನಸಂಗಮದಲ್ಲೇ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿಯಲ್ಲೇ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಗಟ್ಟಿಶಿಲಾ ಪ್ರಾದೇಶಿಕ ಕೇಂದ್ರ ಇರುವಾಗ ಈ ಎಚ್ಚರ ಇಲ್ಲಿಂದಲೇ ಶುರುವಾಗಲಿ ಎಂಬುದು ನನ್ನ ಆಸೆ.

ಹಾಗೆಂದು ಹಿಮದ ಮಾದರಿಯಿಂದ ಕಲಿಯುವುದೇನೂ ಇಲ್ಲವೆಂದಲ್ಲ. ಕೂಡಿಡುವುದು, ತಡೆದು ಬಿಡುವುದು ಖಾನಾಪುರದ ಕಾಡಿನಲ್ಲೂ ನಡೆಯುತ್ತದೆ. ಜೂನ್‌ನ ಮೊದಲ ಮಳೆಗೆ ಹೊಳೆ ಅಷ್ಟಾಗಿ ಏರುವುದಿಲ್ಲ. ಬೇಸಿಗೆಯಲ್ಲಿ ಬಾಯಾರಿದ ಜಂಬಿಟ್ಟಿಗೆ ನೆಲ ಅದನ್ನು ಕುಡಿಯುತ್ತದೆ. ನೆಲ ತುಂಬಿದ ಮೇಲೆ, ಜುಲೈಯಲ್ಲಿ, ಅಷ್ಟೇ ಮಳೆಗೆ ಹೊಳೆ ಉಕ್ಕುತ್ತದೆ. ಮಳೆಗಾಲ ಮುಗಿದ ಮೇಲೆ ಹೊಳೆಯನ್ನು ನಡೆಸುವುದು ಒರತೆಯ ನೀರು.

ವ್ಯತ್ಯಾಸವಿರುವುದು ಶಾಖದ ಪಾತ್ರದಲ್ಲಿ. ಭಾಕ್ರಾ ಬಳಿ ಸತ್ಲೆಜ್‌ನ ವಾರ್ಷಿಕ ಹರಿವಿನಲ್ಲಿ ಹಿಮ ಮತ್ತು ಹಿಮನದಿಗಳ ಪಾಲು ಸುಮಾರು ಶೇ. 59 ಎಂದು ಪ್ರತಾಪ್ ಸಿಂಗ್ ಮತ್ತು ಎಸ್.ಕೆ. ಜೈನ್ 2002ರಲ್ಲಿ ಅಂದಾಜಿಸಿದ್ದರು. ಅಲ್ಲಿ ಬೇಸಿಗೆ ಕಾವೇರಿದಂತೆ ಕೂಡಿಟ್ಟ ನೀರು ಹೊಳೆಗಿಳಿಯುತ್ತದೆ. ಇಲ್ಲಿ ಅದೇ ಕಾವು ನೆಲದ ತೇವವನ್ನು ಮರಗಳ ಮೂಲಕ ಗಾಳಿಗೆ ಸೇರಿಸುತ್ತದೆ. ಸವದತ್ತಿಯ ನವಿಲುತೀರ್ಥದ ಜಲಾಶಯಕ್ಕೆ ಮಾರ್ಚ್‌–ಏಪ್ರಿಲ್‌ನಲ್ಲಿ ಹೊಸ ನೀರಿನ ಆಸರೆ ಇಲ್ಲದಿರುವುದು ಇದರಿಂದಲೇ.

ಆದ್ದರಿಂದ ಮಲಪ್ರಭೆಯ ಮಾದರಿಯಲ್ಲಿ ಹಿಮದ ನಿಯತಾಂಕಗಳನ್ನು ಮೊದಲಿನ ಬೆಲೆಯಲ್ಲೇ ಬಿಟ್ಟು, ಮಣ್ಣಿನ ಆಳ, ನೀರು ಹಿಡಿಯುವ ಶಕ್ತಿ, ಒರತೆ ಇಳಿಯುವ ವೇಗ ಇವುಗಳ ಮೇಲೆ ಶ್ರಮ ಹಾಕಬೇಕು. ಫಲಿತಾಂಶವನ್ನು ಜುಲೈ ಪ್ರವಾಹದ ಎತ್ತರದಿಂದಷ್ಟೇ ಒಪ್ಪಿಕೊಳ್ಳದೆ, ಅಕ್ಟೋಬರ್‌ನಿಂದ ಜನವರಿವರೆಗೆ ಖಾನಾಪುರದಲ್ಲಿ ಹರಿವು ಇಳಿಯುವ ರೇಖೆಯ ಮೇಲೂ ಪರೀಕ್ಷಿಸಬೇಕು.