ಗಾಲ್ಫ್ ಕೋಲಿನ ಪರೀಕ್ಷೆ: ಕಣ್ಣಿನ ತೀರ್ಪು, ಕೈಯ ತೀರ್ಪು

ಬೆಳಗಾವಿಯಲ್ಲಿ ಗಾಲ್ಫ್ ಮೈದಾನವೊಂದಿದೆ ಎಂಬ ಸಂಗತಿ ನಮ್ಮ ಊರಿನ ಅನೇಕರ ಗಮನಕ್ಕೆ ಬಂದದ್ದು 2022ರ ಆಗಸ್ಟ್ ತಿಂಗಳಲ್ಲಿ. ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಆ ಮೈದಾನದ ಪೊದೆಗಳನ್ನು ಸೇರಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆಗಳನ್ನು ಕರೆತಂದರು, ಆದರೂ ಅದು ಸಿಗಲಿಲ್ಲ. ನಾನು ಸೇವೆಯಲ್ಲಿದ್ದ ಕಾಲದಲ್ಲಿ ಇಂತಹ ಚಿರತೆಯೊಂದು ಬಂದಿದ್ದರೆ ನಿಮ್ಮಲ್ಲಿ ಎಷ್ಟು ಜನ ಅದಕ್ಕೆ ಹರಕೆ ಹೊರುತ್ತಿದ್ದಿರಿ ಎಂಬುದನ್ನು ನಾನು ಬಲ್ಲೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ಪತ್ರ ಬರೆದಿದ್ದ. ಆತ ಗಾಲ್ಫ್ ಕಲಿಯುತ್ತಿದ್ದಾನಂತೆ. ಹೊಸ ಮಾದರಿಯ ಕೋಲುಗಳ ಚಿತ್ರಗಳನ್ನು ಕಳುಹಿಸಿ, "ಸರ್, ನೋಡಲು ಬಹಳ ಚೆಂದವಿವೆ. ಇವುಗಳ ಗುಣವನ್ನು ಹಿಂದಿನವರು ಹೇಗೆ ಪರೀಕ್ಷಿಸುತ್ತಿದ್ದರು?" ಎಂದು ಕೇಳಿದ್ದ. ನಾನು ಆ ಆಟವನ್ನು ಆಡಿದವನಲ್ಲ. ಆದರೆ ಪ್ರಶ್ನೆ ಇತಿಹಾಸದ್ದಾದುದರಿಂದ ಸುಮ್ಮನಿರಲಾಗಲಿಲ್ಲ.

ಈ ಆಟ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರಲ್ಲಿ ಸ್ಥಾಪನೆಯಾಯಿತು. ಬ್ರಿಟಿಷ್ ದ್ವೀಪಗಳ ಹೊರಗೆ ಅದೇ ಅತ್ಯಂತ ಹಳೆಯದು. ಬೆಂಗಳೂರಿನದು 1876ರದು. ದಂಡು ಎಲ್ಲಿ ಬೀಡುಬಿಟ್ಟಿತೋ ಅಲ್ಲಿಗೆ ಆಟವೂ ಬಂತು. ಕೋಲುಗಳ ಚೀಲ ಹೊರಲು ಸ್ಥಳೀಯ ಹುಡುಗರು ಬಂದರು. ಅವರಿಗೆ ಕ್ಯಾಡಿಗಳೆಂದು ಹೆಸರು.

1980ರ ದಶಕದ ಕೊನೆಯಲ್ಲಿ ಬೆಳಗಾವಿಯಲ್ಲಿ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ರವಿವಾರಗಳಂದು ಕ್ಯಾಂಪಿನಲ್ಲಿ ಚೀಲ ಹೊರುತ್ತಿದ್ದ. ಒಳ್ಳೆಯ ಕೋಲನ್ನು ಗುರುತಿಸುವುದು ಹೇಗೆಂದು ಒಮ್ಮೆ ಕೇಳಿದೆ. "ಕಣ್ಣು ಮುಚ್ಚಿಕೊಂಡು ಬೀಸಬೇಕ್ರಿ ಸರ್. ತಲಿ ಎಲ್ಲೈತಿ ಅಂತ ಕೈಗೆ ಗೊತ್ತಾಗಬೇಕು. ಗೊತ್ತಾಗಲಿಲ್ಲಂದ್ರ ಅದು ಬರೇ ಕಬ್ಬಣ" ಎಂದ. ಮುಂದೆ ಗಾಲ್ಫ್ ಇತಿಹಾಸವನ್ನು ಓದುವಾಗಲೆಲ್ಲ ಆ ಮಾತು ನನ್ನ ಕಿವಿಯಲ್ಲಿತ್ತು.

ಖಾನಾಪುರಕ್ಕೆ ವರ್ಗವಾದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಂದು ರೂಪದಲ್ಲಿ ಕಂಡೆ. ಅಲ್ಲಿನ ಮಕ್ಕಳು ಚಿಣಿದಾಂಡಿಗೆ ಕೋಲು ಆರಿಸುವಾಗ ತೋರುತ್ತಿದ್ದ ಎಚ್ಚರವನ್ನು ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ತೋರಿದ್ದರೆ ಎಲ್ಲರೂ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿದ್ದರು! ದಾಂಡು ಭಾರವಾದರೆ ಬೀಸು ನಿಧಾನ, ಹಗುರವಾದರೆ ಏಟಿಗೆ ಬಲವಿಲ್ಲ. ಇದಲ್ಲದೆ ಇನ್ನೊಂದು ಸೂಕ್ಷ್ಮವಿದೆ. ಚಿಣಿ ಹಾರಿದ ದೂರವನ್ನು ಅದೇ ದಾಂಡಿನಿಂದ ಅಳೆಯುತ್ತಾರೆ. ದಾಂಡು ಗಿಡ್ಡವಾದಷ್ಟೂ ಎಣಿಕೆ ಹೆಚ್ಚು ಬರುತ್ತದೆ, ಆದರೆ ಚಿಣಿ ಅಷ್ಟು ದೂರ ಹೋಗುವುದಿಲ್ಲ. ಇವೆರಡರ ನಡುವೆ ಸರಿಯಾದ ಉದ್ದವನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಿದ್ದರು. (ಮರಾಠಿ ಮನೆಗಳ ಹುಡುಗರು ಎಣಿಸುವ ವಕಟ, ಲೇಂಡ, ಮುಂಡ, ನಾಲ ಎಂಬ ಪದಗಳಲ್ಲಿ ದ್ರಾವಿಡ ಸಂಖ್ಯೆಗಳ ನೆರಳಿರುವುದನ್ನು ಭಾಷಾಸಕ್ತರು ಗಮನಿಸಬಹುದು.)

ಗಾಲ್ಫಿನ ತವರಾದ ಸ್ಕಾಟ್ಲೆಂಡಿನಲ್ಲೂ ಆರಂಭ ಹೀಗೆಯೇ ಇತ್ತು. 1457ರಲ್ಲಿ ಅಲ್ಲಿನ ಸಂಸತ್ತು ಈ ಆಟವನ್ನು ನಿಷೇಧಿಸಿತ್ತು. ಜನ ಬಿಲ್ವಿದ್ಯೆಯ ಅಭ್ಯಾಸವನ್ನು ಬಿಡುತ್ತಾರೆಂಬ ಭಯ. 1502ರಲ್ಲಿ ದೊರೆ ನಾಲ್ಕನೆಯ ಜೇಮ್ಸ್ ತಾನೇ ಕೋಲುಗಳನ್ನು ಕೊಂಡ ಲೆಕ್ಕ ಸಿಗುತ್ತದೆ. ಕೊಂಡದ್ದು ಪರ್ತ್ ಪಟ್ಟಣದ ಬಿಲ್ಲು ಮಾಡುವವನಿಂದ! ಇದು ಕೇವಲ ತಮಾಷೆಯ ಸಂಗತಿಯಲ್ಲ. ಮರ ಎಷ್ಟು ಬಾಗಿ ಹೇಗೆ ಮರಳುತ್ತದೆ ಎಂಬುದನ್ನು ಬಿಲ್ಲುಗಾರನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅಂದಿನ ಕೋಲುಗಳಿಗೆ ಉದ್ದ ಮೂತಿಯ ತೆಳ್ಳಗಿನ ಮರದ ತಲೆಯಿತ್ತು, ನೋಡಲು ಬಲು ಸೊಗಸು. ಚೆಂಡು ಗರಿ ತುಂಬಿದ ಚರ್ಮದ್ದು. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂತು. ಭಾರತದಿಂದ ಹೋದ ವಿಷ್ಣುವಿನ ವಿಗ್ರಹದ ಸುತ್ತ ತುಂಬಿದ್ದ ಗಟಾಪರ್ಚಾದಿಂದಲೇ ಮೊದಲ ಚೆಂಡಾಯಿತೆಂಬ ಕಥೆಯಿದೆ, ಕಥೆಯೆಂದೇ ಓದಿಕೊಳ್ಳಿ. ಆ ಗಟ್ಟಿ ಚೆಂಡಿನ ಏಟಿಗೆ ಸೊಗಸಾದ ಮೂತಿಗಳು ಒಡೆಯತೊಡಗಿದವು. ತಲೆ ಗಿಡ್ಡವಾಗಿ, ದಪ್ಪವಾಗಿ, ಒರಟಾಗಬೇಕಾಯಿತು. ನುಣುಪಾದ ಹೊಸ ಚೆಂಡಿಗಿಂತ ಏಟು ತಿಂದು ಗಾಯಗೊಂಡ ಹಳೆಯ ಚೆಂಡು ನೇರವಾಗಿ ಹಾರುವುದನ್ನೂ ಆಟಗಾರರು ಕಂಡರು. ಹೊಸ ಚೆಂಡನ್ನು ಸುತ್ತಿಗೆಯಿಂದ ಹೊಡೆದು ಗುರುತು ಮಾಡಲಾರಂಭಿಸಿದರು. ಇಂದಿನ ಚೆಂಡಿನ ಮೈಮೇಲಿನ ಕುಳಿಗಳು ಅದೇ ಗಾಯಗಳ ವಂಶಸ್ಥರು.

ಅಂದಕ್ಕೂ ಗುಣಕ್ಕೂ ನಡೆದ ಜಗಳದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಉಕ್ಕಿನದು. ಅಮೆರಿಕದ ಹಿಕರಿ ಮರದ ಕೋಲು ಸುಮಾರು ನೂರು ವರ್ಷ ಆಳಿತ್ತು. ಉಕ್ಕಿನ ಕೊಳವೆಗೆ ಬ್ರಿಟನ್ನಿನ ನಿಯಮಕರ್ತರು 1929ರಲ್ಲಿ ಅನುಮತಿ ಕೊಟ್ಟರು. ಹಿಕರಿಯಂತೆ ತಿರುಚಿಕೊಳ್ಳದು, ಒಂದರಂತೆ ಇನ್ನೊಂದನ್ನು ಮಾಡಬಹುದು. ಆದರೂ ಹೊಳೆಯುವ ಕೊಳವೆ ಜನರ ಕಣ್ಣಿಗೆ ಒಗ್ಗಲಿಲ್ಲ. ತಯಾರಕರು ಅದಕ್ಕೆ ಮರದ ಬಣ್ಣದ ಕವಚ ತೊಡಿಸಿ ಮಾರಿದರು! ಮೇಲೆ ಹಿಕರಿ, ಒಳಗೆ ಉಕ್ಕು. ನಮ್ಮಲ್ಲಿ ಕಬ್ಬಿಣದ ಕಪಾಟಿಗೆ ಸಾಗವಾನಿಯ ಗೆರೆಗಳ ಬಣ್ಣ ಬಳಿಸುವವರನ್ನು ನೀವು ಕಂಡಿರಬಹುದು.

ಮರದ ಕಾಲದ ಕೊನೆಯ ಮಹಾನ್ ಆಟಗಾರ ಬಾಬಿ ಜೋನ್ಸ್. 1930ರಲ್ಲಿ ಆತ ಒಂದೇ ವರ್ಷದಲ್ಲಿ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನು ಹಿಕರಿಯ ಕೋಲುಗಳಿಂದಲೇ ಗೆದ್ದ. ಒಂದೊಂದು ಕೋಲನ್ನೂ ಬೀಸಿ ನೋಡಿ ಕೈಯ ಅಂದಾಜಿನಿಂದ ಕೂಡಿಸಿದ್ದ. ಮುಂದೆ ಅವನ್ನು ಯಂತ್ರದ ತಕ್ಕಡಿಯಲ್ಲಿಟ್ಟಾಗ, ಒಂದನ್ನು ಬಿಟ್ಟು ಉಳಿದೆಲ್ಲದರ ಬೀಸುತೂಕ ಒಂದಕ್ಕೊಂದು ಹೊಂದಿತಂತೆ. ಹೊಂದದ ಆ ಒಂದು ಕೋಲೇ ಆತನಿಗೆ ಸದಾ ತೊಂದರೆ ಕೊಟ್ಟದ್ದಂತೆ. ಗಾಲ್ಫ್ ಲೋಕದಲ್ಲಿ ಬಹು ಪ್ರಚಾರದಲ್ಲಿರುವ ಪ್ರಸಂಗವಿದು. ಕ್ಯಾಂಪಿನ ಹುಡುಗ ನನಗೆ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅನಂತರ ಇಂಜಿನಿಯರುಗಳ ಕಾಲ ಬಂತು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಕಾರ್ಸ್ಟನ್ ಸೋಲ್ಹೈಮ್ 1959ರಲ್ಲಿ, ಚೆಂಡನ್ನು ಕುಳಿಗೆ ಮೆಲ್ಲನೆ ತಳ್ಳುವ ಪಟರ್ ಎಂಬ ಕೋಲನ್ನು ಮನೆಯ ಗ್ಯಾರೇಜಿನಲ್ಲಿ ಮಾಡಿದ. ತಲೆಯ ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗಳಿಗೆ ಹಂಚಿದ. ದೊಂಬರು ಹಗ್ಗದ ಮೇಲೆ ನಡೆಯುವಾಗ ಉದ್ದ ಕೋಲು ಹಿಡಿಯುವುದನ್ನು ನೆನೆಯಿರಿ. ತೂಕ ತುದಿಗಳಲ್ಲಿದ್ದರೆ ವಸ್ತು ಸುಲಭವಾಗಿ ತಿರುಗದು. ಏಟು ನಡುವಿಗೆ ಬೀಳದಿದ್ದರೂ ಕೋಲು ಕೈಯಲ್ಲಿ ಹೊರಳದು. ರೂಪ ವಿಚಿತ್ರವಾಗಿತ್ತು. ಚೆಂಡಿಗೆ ತಾಗಿದಾಗ 'ಪಿಂಗ್' ಎಂದು ನಾದ ಬರುತ್ತಿತ್ತು. ಅದೇ ಅದರ ಹೆಸರಾಯಿತು. ಖಾನಾಪುರದ ಕುಂಬಾರಿಕೆ ನಿಮಗೆ ಗೊತ್ತೇ ಇದೆ. ಅಲ್ಲಿ ಗಡಿಗೆ ಕೊಳ್ಳುವ ಯಾವ ಹೆಂಗಸೂ ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳದೆ ಹಣ ಕೊಡುತ್ತಿರಲಿಲ್ಲ. ಮಡಕೆಯ ನಾದ ಬಿರುಕನ್ನು ಹೇಳುತ್ತದೆ. ಕೋಲಿನ ನಾದ ಹೆಚ್ಚಾಗಿ ತಲೆಯ ರಚನೆಯನ್ನು ಹೇಳುತ್ತದೆ, ಆದರೆ ಕಿವಿ ಅದನ್ನು ಗುಣವೆಂದೇ ನಂಬಿಬಿಡುತ್ತದೆ.

1960ರ ದಶಕದಲ್ಲಿ ಮನುಷ್ಯನ ಬದಲು ಕೋಲು ಬೀಸುವ ಯಂತ್ರ ಬಂತು. 1945ರಲ್ಲಿ ಸತತ 11 ಪಂದ್ಯಾವಳಿಗಳನ್ನು ಗೆದ್ದ ಬೈರನ್ ನೆಲ್ಸನ್ನನ ಬೀಸನ್ನು ಅನುಸರಿಸಿ ಮಾಡಿದ ಅದಕ್ಕೆ 'ಐರನ್ ಬೈರನ್' ಎಂದು ಹೆಸರು. ಅದಕ್ಕೆ ದಣಿವಿಲ್ಲ, ಮೆಚ್ಚುಗೆಯೂ ಇಲ್ಲ. ಹೀಗೆ ಕೋಲಿನ ಗುಣ ಆಟಗಾರನ ಗುಣದಿಂದ ಬೇರೆಯಾಯಿತು.

ಮರದ ತಲೆಯೂ ಹೋಯಿತು. ಬೀಡಿ ಎಲೆಯ ಮರದ ಕುಲಕ್ಕೇ ಸೇರಿದ ಪರ್ಸಿಮನ್ ಎಂಬ ಮರದಿಂದ ಅದನ್ನು ಕೆತ್ತುತ್ತಿದ್ದರು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ಟೊಳ್ಳು ತಲೆಯನ್ನು ಮಾರುಕಟ್ಟೆಗೆ ತಂದಾಗ, ಉಕ್ಕಿನ ಊರನ್ನು ನೆನೆದು 'ಪಿಟ್ಸ್‌ಬರ್ಗ್ ಪರ್ಸಿಮನ್' ಎಂದು ಗೇಲಿ ಮಾಡಿದರು. ಸುಮಾರು ಹದಿನೈದು ವರ್ಷಗಳಲ್ಲಿ ಗೇಲಿ ಮಾಡಿದವರ ಚೀಲದಲ್ಲೂ ಅದೇ ಇತ್ತು. ಇಂತಹ ತಲೆಗಳನ್ನು ಮೇಣದ ಅಚ್ಚಿನಿಂದ ಎರಕ ಹೊಯ್ಯುತ್ತಾರೆ. ನಮ್ಮ ಕಂಚಿನ ವಿಗ್ರಹಗಳ ವಿಧಾನವೂ ಇದೇ. ಉದ್ಯಮಬಾಗಿನ ಫೌಂಡ್ರಿಗಳಲ್ಲಿ ದುಡಿದ ನನ್ನ ವಿದ್ಯಾರ್ಥಿಗಳಿಗೆ ಎರಕದ ವಿಚಾರವನ್ನು ನಾನು ಹೇಳಹೊರಟರೆ ನಗೆಪಾಟಲು. ಕೊನೆಗೆ ನಿಯಮಕರ್ತರು ಹಿಗ್ಗುವ ತಲೆಗೆ ಕಡಿವಾಣ ಹಾಕಿದರು. 2004ರಿಂದ 460 ಘನ ಸೆಂಟಿಮೀಟರಿಗಿಂತ ದೊಡ್ಡದಿರುವಂತಿಲ್ಲ. ತಲೆಯ ಮುಖಕ್ಕೆ ಪುಟ್ಟ ಲೋಲಕ ತಾಗಿಸಿ, ಅದು ಸ್ಪ್ರಿಂಗಿನಂತೆ ಎಷ್ಟು ಚಿಮ್ಮುತ್ತದೆಂದು ಅಳೆಯುತ್ತಾರೆ.

ಈ ಇತಿಹಾಸದ ಪುಸ್ತಕಗಳಲ್ಲಿ ದೊರೆಗಳಿದ್ದಾರೆ, ತಯಾರಕರಿದ್ದಾರೆ, ವಿಜೇತರಿದ್ದಾರೆ. ದಿನವಿಡೀ ಎಲ್ಲ ಬಗೆಯ ಕೋಲುಗಳನ್ನೂ ಎಲ್ಲ ಬಗೆಯ ಕೈಗಳಲ್ಲೂ ನೋಡಿದವನು ಕ್ಯಾಡಿ. ಆತನ ಅಭಿಪ್ರಾಯವನ್ನು ಬರೆದಿಟ್ಟವರು ಬಹಳ ಕಡಿಮೆ. 1938ರಲ್ಲಿ ಅಮೆರಿಕದಲ್ಲಿ ಚೀಲಕ್ಕೆ 14 ಕೋಲುಗಳ ಮಿತಿ ಬರುವ ಮುಂಚೆ ಇಪ್ಪತ್ತಕ್ಕೂ ಹೆಚ್ಚು ಕೋಲುಗಳನ್ನು ಹೊತ್ತ ಹೆಗಲುಗಳಿದ್ದವು. ಆ ಹೆಗಲುಗಳ ಲೆಕ್ಕವೂ ಇಲ್ಲ. ಕ್ಯಾಡಿಗಳಿಗೆ ಆಟ ಗೊತ್ತಿತ್ತೇ ಎಂದು ಕೇಳುವವರಿಗೆ ಎರಡು ಹೆಸರು ಸಾಕು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಅದೇ ಪ್ರಶಸ್ತಿ ಗೆದ್ದರು.

ಕ್ಯಾಂಪಿನಲ್ಲಿ ಹಿಂದೆ ಚೀಲ ಹೊತ್ತ ಹಿರಿಯರು ನಿಮ್ಮ ಮನೆಗಳಲ್ಲಿ, ಓಣಿಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿರಿ. ಹಿಕರಿಯ ಕೋಲನ್ನು ಕೈಯಲ್ಲಿ ಹಿಡಿದವರು ಈಗ ಸಿಗಲಾರರು, ಪರ್ಸಿಮನ್ ತಲೆಯನ್ನು ಒರೆಸಿಟ್ಟವರು ಖಂಡಿತ ಇದ್ದಾರೆ. ನಾನೇ ಬಂದು ಕುಳಿತು ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.